ಲೇಡೀಸ್ ಟೈಲರ್ ಕಲ್ಲೇಶಪ್ಪನ ಗೊಂಬೆ

ಅರಸೀಕೆರೆ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ, ಬೇಕರಿಗೂ ಪಾತ್ರೆ ಅಂಗಡಿಗೂ ನಡುವೆ ಸಿಕ್ಕಿಕೊಂಡಂತಿರುವ ಒಂದೇ ಬಾಗಿಲಿನ ಅಂಗಡಿ ಕಲ್ಲೇಶಪ್ಪನದು. ಬಾಣಾವರ, ಜಾವಗಲ್ ಕಡೆಯಿಂದೆಲ್ಲ ಹೆಂಗಸರು ರವಿಕೆ ಬಟ್ಟೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಸ್ಸಿಳಿದು ನೇರ ಅಲ್ಲಿಗೇ ಬರುತ್ತಿದ್ದರು. ಹೊಲಿಗೆ ಚೆಂದ ಎನ್ನುವುದು ಒಂದು ಕಾರಣ. ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ವಯಸ್ಸಿಗೆ ಬಂದ ಮಗಳನ್ನು ಒಬ್ಬಳೇ ಆ ಅಂಗಡಿಗೆ ಕಳಿಸಬಹುದು, ಏನೂ ಯೋಚನೆ ಮಾಡಬೇಕಿಲ್ಲ ಎಂದು ತಾಯಂದಿರು ತಮ್ಮತಮ್ಮಲ್ಲೇ ಹೇಳಿಕೊಳ್ಳುತ್ತಿದ್ದರು.

ಆ ಹೆಸರು ಸುಮ್ಮನೆ ಬಂದದ್ದಲ್ಲ. ಕಲ್ಲೇಶಪ್ಪ ಕಸುಬು ಕಲಿತದ್ದು ಬೇಲೂರಿನಲ್ಲಿ. ಮೀಸೆ ಚಿಗುರುವ ವಯಸ್ಸಿನಲ್ಲಿ ಶಾಲೆ ಬಿಟ್ಟು, ಅಲ್ಲಿನ ಒಬ್ಬ ಟೈಲರ್ ಮಾಸ್ಟರ ಹತ್ತಿರ ಕಾಜ ಹಾಕುವುದಕ್ಕೆ, ಗುಂಡಿ ಹಚ್ಚುವುದಕ್ಕೆ ಸೇರಿಕೊಂಡಿದ್ದ. ಮಾಸ್ಟರು ಒಳ್ಳೆಯ ಮನುಷ್ಯ. ಒಂದು ದಿನ ಯಾರೋ ಗಿರಾಕಿಯ ಮೈದುನ ಬಂದು, ಅಳತೆ ತೆಗೆಯುವಾಗ ಈ ಟೈಲರು ನಮ್ಮತ್ತಿಗೆಯ ಮೈ ಮುಟ್ಟಿದ್ದಾನೆ ಎಂದು ಕೂಗಾಡಿದ. ಮುಟ್ಟಿದ್ದು ಹೌದೋ ಅಲ್ಲವೋ ಯಾರೂ ಕೇಳಲಿಲ್ಲ. ಜನ ಸೇರಿತು. ಮಾಸ್ಟರ ಕತ್ತರಿ, ಇಸ್ತ್ರಿಪೆಟ್ಟಿಗೆ, ಅರ್ಧ ಹೊಲಿದ ಬಟ್ಟೆಗಳೆಲ್ಲ ರಸ್ತೆಗೆ ಬಂದವು. ಆಮೇಲೆ ಮಾಸ್ಟರು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಕಡೂರಿನ ಕಡೆ ಹೊರಟುಹೋದರು, ಮತ್ತೆ ಬೇಲೂರಿನಲ್ಲಿ ಯಾರಿಗೂ ಮುಖ ತೋರಿಸಲಿಲ್ಲ.

ಅದನ್ನು ಕಣ್ಣಾರೆ ಕಂಡ ಕಲ್ಲೇಶಪ್ಪ ಅರಸೀಕೆರೆಗೆ ಬಂದು ಸ್ವಂತ ಅಂಗಡಿ ಹಾಕಿದಾಗ, "ಅಳತೆ ಬ್ಲೌಸ್ ತಂದ್ರೆ ಮಾತ್ರ ಹೊಲೀತೀನಿ ಕಣಮ್ಮ" ಎನ್ನುತ್ತಿದ್ದ. ಹಳೇಬೀಡಿನ ಕಾಂತಮ್ಮನನ್ನು ಮದುವೆಯಾದ ಮೇಲೆ ಟೇಪು ಆಕೆಯ ಕೊರಳಿಗೆ ಹೋಯಿತು. ಪರದೆಯ ಹಿಂದೆ ಅವಳು ಅಳತೆ ತೆಗೆದು ಕೂಗುವುದು, ಇವನು ಈಚೆ ಕೂತು ಬಟ್ಟೆಯ ತುದಿಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಳ್ಳುವುದು. ಕಾಂತಮ್ಮ ಊರಿನಲ್ಲಿ ಇಲ್ಲದ ದಿನ ಅಳತೆಯೂ ಇಲ್ಲ. ಹೀಗೇ ಮೂವತ್ತು ವರ್ಷದ ಮೇಲಾಗಿತ್ತು. ಗಲ್ಲಿಯಲ್ಲಿ ಅವನನ್ನು ತಮಾಷೆ ಮಾಡುವವರಿದ್ದರು. ಅವನ ಕಡೆ ಬೆರಳು ತೋರಿಸುವವರು ಇರಲಿಲ್ಲ.

ಆ ವರ್ಷ ಊರಿನ ಆಸ್ಪತ್ರೆಯೊಂದರ ತುರ್ತು ಚಿಕಿತ್ಸೆಯ ವಿಭಾಗಕ್ಕೆ ಡಾಕ್ಟರ್ ಮಾಲಿನಿ ಎಂಬುವರು ಬಂದರು. ಮೂವತ್ತೈದರ ಆಚೀಚೆ ವಯಸ್ಸು, ಚುರುಕು ಮಾತು. ಎರಡು ಬ್ಲೌಸು ಹೊಲಿಸಿಕೊಂಡು ಹೋದವರು ಮೂರನೆಯ ಸಲ ಬರುವಾಗ ಕಾರಿನ ಹಿಂದಿನ ಸೀಟಿನಿಂದ ಒಂದು ಗೊಂಬೆಯನ್ನು ಎತ್ತಿಕೊಂಡು ಬಂದು ಕತ್ತರಿಸುವ ಮೇಜಿನ ಮೇಲೆ ಮಲಗಿಸಿದರು. ತಲೆಯಿಂದ ಸೊಂಟದವರೆಗೆ ಮಾತ್ರ ಇತ್ತು. ಕೈಯಿಲ್ಲ, ಕಾಲಿಲ್ಲ, ಬೋಳು ತಲೆ, ಬಾಯಿ ತೆರೆದುಕೊಂಡಿದೆ.

"ಅಯ್ಯೋ, ಇದೇನ್ ಮೇಡಂ, ಯಾರಿವ್ನು?" ಎಂದು ಕಾಂತಮ್ಮ ಸೆರಗು ಬಾಯಿಗೆ ಹಿಡಿದು ನಕ್ಕಳು.

"ಹೃದಯ ನಿಂತುಹೋದವರಿಗೆ ಎದೆ ಒತ್ತೋದನ್ನ ಜನಕ್ಕೆ ಕಲಿಸ್ತೀವಲ್ಲ, ಸಿಪಿಆರ್ ಅಂತ, ಆ ಗೊಂಬೆ ಇದು" ಎಂದರು ಮಾಲಿನಿ. "ಕಲ್ಲೇಶಪ್ಪನವ್ರೇ, ಇದನ್ನ ನೀವು ಹೆಂಗಸಾಗಿ ಮಾಡಿಕೊಡ್ಬೇಕು. ಎದೆ ಹೊಲಿದು ಕೂರಿಸ್ಬೇಕು. ಮೇಲೆ ಬ್ಲೌಸು, ಸೆರಗು ಎಲ್ಲಾ ಇರ್ಬೇಕು."

ಕಲ್ಲೇಶಪ್ಪನ ಕಿವಿ ಬಿಸಿಯಾಯಿತು. ಮೇಜಿನ ಮೇಲಿದ್ದ ಬಟ್ಟೆಗಳನ್ನು ಸುಮ್ಮನೆ ಮಡಿಸತೊಡಗಿದ. "ಅದೆಲ್ಲ ನಮ್ಮಂಥೋರ ಕೈಲಿ ಆಗೋ ಕೆಲ್ಸ ಅಲ್ಲ ಮೇಡಂ. ಬೆಂಗ್ಳೂರಲ್ಲಿ ಮಾಡೋರು ಇರ್ತಾರೆ, ಅಲ್ಲಿ ಕೇಳಿ."

ಮಾಲಿನಿ ಹೋಗಲಿಲ್ಲ. ಗಿರಾಕಿಗಳು ಕೂರುವ ಬೆಂಚಿನ ಮೇಲೆ ಕೂತರು.

"ಒಂದು ವಿಷಯ ಹೇಳ್ತೀನಿ, ಕೇಳಿ. ಆಮೇಲೆ ಬೇಡ ಅಂದ್ರೆ ಎತ್ಕೊಂಡು ಹೋಗ್ತೀನಿ. ಬೇರೆ ಬೇರೆ ದೇಶದಲ್ಲಿ ಡಾಕ್ಟರುಗಳು ಈಚೆಗೆ ಲೆಕ್ಕ ತೆಗೆದು ನೋಡಿದಾರೆ. ರಸ್ತೇಲಿ ಒಬ್ಬ ಗಂಡಸು ಹೃದಯ ನಿಂತು ಬಿದ್ದ ಅಂದ್ಕೊಳ್ಳಿ, ಹತ್ತಿರ ಇದ್ದೋರು ಯಾರಾದ್ರೂ ಎದೆ ಒತ್ತೋ ಸಂಭವ ಜಾಸ್ತಿ. ಅದೇ ಜಾಗದಲ್ಲಿ ಹೆಂಗಸು ಬಿದ್ದರೆ ಕಮ್ಮಿ. ಯಾಕೆ ಅಂತ ಕೇಳಿದ್ರೆ, ಜನ ಏನಂದ್ರು ಗೊತ್ತಾ? ಮುಟ್ಟಕ್ಕೆ ಹೆದರಿಕೆ. ಯಾರಾದ್ರೂ ತಪ್ಪು ತಿಳ್ಕೊಂಡ್ರೆ ಅಂತ. ನಾವಷ್ಟೇ ಹೀಗೆ ಅಂತ ನಾನು ತಿಳ್ಕೊಂಡಿದ್ದೆ, ಎಲ್ಲಾ ಕಡೆ ಹೀಗೇ ಇದೆ."

ಕಲ್ಲೇಶಪ್ಪ ಮಡಿಸುವುದನ್ನು ನಿಲ್ಲಿಸಿದ.

"ಇನ್ನು ಕೆಲವರು ಕಲಿಸೋ ಗೊಂಬೆಗಳನ್ನೇ ಹುಡುಕಿ ನೋಡಿದ್ರು. ಹೆಚ್ಚುಕಮ್ಮಿ ಎಲ್ಲಾ ಇವನ ಥರವೇ, ಚಪ್ಪಟೆ ಎದೆ. ಇವನ ಮೇಲೆ ಕಲಿತೋರು ಹೆಂಗಸಿನ ಮುಂದೆ ಹೋದಾಗ ಕೈ ಎಲ್ಲಿಡ್ಬೇಕು ಅಂತ ತಡವರಿಸ್ತಾರೆ. ಒತ್ತೋ ಜಾಗ ಇಬ್ಬರಿಗೂ ಒಂದೇ, ಎದೆಯ ನಡುಮಧ್ಯದ ಮೂಳೆ. ಆದ್ರೆ ಮನಸ್ಸು ಒಪ್ಬೇಕಲ್ಲ." ಅವರ ದನಿ ಸ್ವಲ್ಪ ಇಳಿಯಿತು. "ಇಲ್ಲಿಗೆ ಬಂದ ಮೇಲೆ ನಾನೇ ನೋಡಿದೀನಿ. ಸುತ್ತ ಇಪ್ಪತ್ತು ಜನ ನಿಂತಿರ್ತಾರೆ, ಆಟೋದಲ್ಲಿ ಹಾಕ್ಕೊಂಡು ತರ್ತಾರೆ, ಅಳ್ತಾರೆ. ಒಬ್ಬರೂ ಕೈ ಇಟ್ಟಿರೋದಿಲ್ಲ. ಮೊದಲ ಕೆಲವು ನಿಮಿಷ ಹೋಯ್ತು ಅಂದ್ರೆ ನನ್ನ ಕೈಲೂ ಏನೂ ಇರೋದಿಲ್ಲ."

ಕಲ್ಲೇಶಪ್ಪ ನೆಲ ನೋಡುತ್ತಾ ಕೂತಿದ್ದ. ಕಾಂತಮ್ಮನೇ ಗೊಂಬೆಯನ್ನು ಎತ್ತಿ ಒಳಗಿಟ್ಟಳು. "ಬುಟ್ಟೋಗಿ ಮೇಡಂ. ಇವ್ರು ಮಾಡ್ತಾರೆ. ಮಾಡ್ದೆ ಇದ್ರೆ ನಾನು ಹೊಲೀತೀನಿ, ಅಂಕುಡೊಂಕಾಗ್ತದೆ ಅಷ್ಟೆ."

ಕಲ್ಲೇಶಪ್ಪ ಮೊದಲ ಸಲ ಹೊಲಿದದ್ದನ್ನು ನೋಡಿ ಕಾಂತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಏನ್ರೀ ಇದು, ಯಾವ ಸಿನಿಮಾದೋಳು? ಬಸ್ಸಲ್ಲಿ ಬೀಳೋರು ಹಿಂಗಿರ್ತಾರಾ? ನನ್ ವಯಸ್ಸಿನೋರ್ನ ಮಾಡಿ." ಅವನು ಬಿಚ್ಚಿದ. ಹಳೆಯ ದಿಂಬಿನ ಹತ್ತಿ ತೆಗೆದು, ನಡುವೆ ಸ್ಪಂಜು ಇಟ್ಟು, ತೂಕಕ್ಕೆ ಒಂದಿಷ್ಟು ರಾಗಿಯನ್ನು ತೆಳ್ಳನೆ ಚೀಲದಲ್ಲಿ ಕಟ್ಟಿ ಒಳಗೆ ಹೊಲಿದ. ಮಲಗಿಸಿದಾಗ ಎರಡೂ ಪಕ್ಕಕ್ಕೆ ಸ್ವಲ್ಪ ಜಾರಬೇಕು, ನಿಜದಲ್ಲಿ ಹಾಗೇ ಆಗುವುದು ಎಂದು ಕಾಂತಮ್ಮ ಹೇಳಿಕೊಟ್ಟಳು. ಹತ್ತಿಯ ಬ್ಲೌಸು, ಮುಂದೆ ಹುಕ್ಕು, ಮೇಲೆ ಒಂದು ಹಳೆಯ ನೂಲಿನ ಸೀರೆಯ ಸೆರಗು. ಕೊನೆಗೆ ಕಾಂತಮ್ಮ ಬೋಳು ತಲೆಗೆ ಒಂದು ಚೌರಿ ಕಟ್ಟಿ, ಹಣೆಗೆ ಸ್ಟಿಕರ್ ಅಂಟಿಸಿದಳು. ನೋಡಿದರೆ ದಣಿದು ಮಲಗಿದ ಯಾವುದೋ ಮನೆಯ ಹೆಂಗಸಿನಂತಿತ್ತು. ಕಲ್ಲೇಶಪ್ಪನಿಗೆ ಯಾಕೋ ಅದರ ಮುಖದ ಮೇಲೆ ಬಟ್ಟೆ ಹೊದಿಸಿಡಲು ಮನಸ್ಸಾಗಲಿಲ್ಲ. ಗಿರಾಕಿಗಳು ನೋಡಿದರೆ ನೋಡಲಿ ಎಂದು ಹಾಗೇ ಮೂಲೆಯಲ್ಲಿ ಒರಗಿಸಿದ.

ಮೊದಲ ತರಬೇತಿ ಊರಿನ ಒಂದು ಸಮುದಾಯ ಭವನದಲ್ಲಿ ನಡೆಯಿತು. ಆಟೋದವರು, ಅಂಗಡಿಯವರು, ಕೊಬ್ಬರಿ ಮಂಡಿಯ ಹಮಾಲರು ಬಂದಿದ್ದರು. ಸೆರಗು ಸರಿಮಾಡುವುದಕ್ಕೆಂದು ಕಲ್ಲೇಶಪ್ಪ ದಂಪತಿಗಳೂ ಹೋಗಿದ್ದರು. ಮಾಲಿನಿ ತಂದಿದ್ದ ಇನ್ನೊಂದು ಗಂಡಸು ಗೊಂಬೆಯ ಮೇಲೆ ಎಲ್ಲರೂ ಜೋರಾಗಿ ಒತ್ತಿದರು. ಹೆಣ್ಣು ಗೊಂಬೆಯನ್ನು ಮುಂದಿಟ್ಟ ಕೂಡಲೇ ಭವನದಲ್ಲಿ ಕಿಸಿಕಿಸಿ ಶುರುವಾಯಿತು.

"ಹೋಗ್ಲಾ ಚನ್ನೇಶ, ನೀನ್ ಹೋಗ್ಲಾ" ಎಂದು ಒಬ್ಬ ಆಟೋ ಚಾಲಕನನ್ನು ಪಕ್ಕದವರು ನೂಕಿದರು. ಚನ್ನೇಶ ಮುಖ ಮುಚ್ಚಿಕೊಂಡು ನಕ್ಕ. ಎದ್ದು ಬರಲಿಲ್ಲ.

ಮಾಲಿನಿ ಸುತ್ತ ನೋಡಿ, "ಕಲ್ಲೇಶಪ್ಪನವ್ರೇ, ನೀವೇ ಬನ್ನಿ" ಎಂದರು.

ಅವನಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ತಾನೇ ಹೊಲಿದದ್ದು, ಒಳಗೆ ಹತ್ತಿ, ಸ್ಪಂಜು, ರಾಗಿ ಇರುವುದು ಅವನಿಗೆ ಗೊತ್ತು. ಆದರೂ ಮಂಡಿಯೂರಿ ಕೂತಾಗ ಕೈ ಮುಂದೆ ಹೋಗಲಿಲ್ಲ. ಕಾಂತಮ್ಮ ಎದುರಿಗೆ ಬಂದು ಕೂತು, ಅವನ ಬಲಗೈ ಹಿಡಿದು ಗೊಂಬೆಯ ಎದೆಯ ನಡುವೆ ಇಟ್ಟಳು. ಅವನು ಮೆಲ್ಲಗೆ ಒತ್ತಿದ.

"ಇಸ್ತ್ರಿ ಮಾಡ್ತಿಲ್ಲ ಕಲ್ಲೇಶಪ್ಪನವ್ರೇ, ಒತ್ತಿ!" ಎಂದರು ಮಾಲಿನಿ. "ಎರಡಂಗುಲ ಕೆಳಗೆ ಹೋಗ್ಬೇಕು. ಮೊಣಕೈ ಮಡಿಸ್ಬೇಡಿ. ಸೆಕೆಂಡಿಗೆ ಎರಡು ಒತ್ತಿನ ಹತ್ತಿರ ಇರ್ಲಿ. ಸೆರಗು ಬ್ಲೌಸು ತೆಗೀಬೇಕಾಗಿಲ್ಲ, ಮೇಲಿಂದಾನೇ. ಉಸಿರಾಡ್ತಿಲ್ಲ, ಕೂಗಿದ್ರೆ ಎಚ್ಚರ ಇಲ್ಲ ಅಂದ್ರೆ ಶುರುಮಾಡಿಬಿಡಿ. ಮೀನು ನೀರಿಂದ ಆಚೆ ಬಂದ ಹಾಗೆ ಆಗಾಗ ಬಾಯಿ ತೆರೆದ್ರೆ ಅದನ್ನ ಉಸಿರು ಅಂದ್ಕೋಬೇಡಿ."

ಜನ ನಕ್ಕರು. ಅವನು ಒತ್ತಿದ. ಬೆವರಿದ. ಅವನ ನಂತರ ಇನ್ನೂ ಐದಾರು ಜನ ಎದ್ದು ಬಂದರು, ಕೊನೆಗೆ ಚನ್ನೇಶನೂ ಬಂದ. ಮನೆಗೆ ನಡೆದು ಬರುವಾಗ ಕಲ್ಲೇಶಪ್ಪ, "ನಮ್ಗ್ಯಾಕೆ ಬೇಕಿತ್ತು ಕಣೇ ಇದೆಲ್ಲ" ಎಂದ.

ಕೆಲವು ತಿಂಗಳು ಕಳೆದವು. ಕಾಂತಮ್ಮ ತಂಗಿಯ ಮೊಮ್ಮಗುವಿನ ನಾಮಕರಣಕ್ಕೆಂದು ಹಳೇಬೀಡಿಗೆ ಹೋಗಿದ್ದಳು. ಅವತ್ತು ಅಂಗಡಿಯಲ್ಲಿ ಕಲ್ಲೇಶಪ್ಪ ಒಬ್ಬನೇ. ಬೆಳಗಿನ ಬಸ್ಸಿಗೆ ಬಾಣಾವರದ ಕಡೆಯ ಹಳ್ಳಿಯಿಂದ ವೆಂಕಟಲಕ್ಷ್ಮಮ್ಮ ಮಗಳು ಸಿರಿಯನ್ನು ಕರೆದುಕೊಂಡು ಬಂದಳು. ವೆಂಕಟಲಕ್ಷ್ಮಮ್ಮ ಇಪ್ಪತ್ತು ವರ್ಷದಿಂದ ಬರುತ್ತಿದ್ದ ಗಿರಾಕಿ. ಸಿರಿಯ ಮೊದಲ ಲಂಗ ಹೊಲಿದದ್ದೂ ಕಲ್ಲೇಶಪ್ಪನೇ. ಈಗ ಸಿರಿಯ ನಿಶ್ಚಿತಾರ್ಥದ ರವಿಕೆ ಸಿದ್ಧವಾಗಿತ್ತು.

ಯಾವತ್ತೂ ಬಾಗಿಲಿನಿಂದಲೇ ಮಾತು ಶುರುಮಾಡುವ ವೆಂಕಟಲಕ್ಷ್ಮಮ್ಮ ಅವತ್ತು ಬಂದವಳೇ ಬೆಂಚಿನ ಮೇಲೆ ಕುಸಿದಂತೆ ಕೂತಳು. ಹಣೆಯಲ್ಲಿ ಬೆವರು.

"ಯಾಕಕ್ಕ, ಸಪ್ಪಗಿದೀರಾ?"

"ಗ್ಯಾಸು ಕಣಪ್ಪ. ಬೆಳಿಗ್ಗಿಂದ ಬೆನ್ನು, ದವಡೆ ಎಲ್ಲ ನೋಯ್ತಾ ಐತೆ. ಸೋಡಾ ಕುಡ್ದೆ, ಹೋಗ್ಲಿಲ್ಲ. ವಾಕರಿಕೆ ಬೇರೆ."

"ಆಸ್ಪತ್ರೆಗೆ ಹೋಗಣ ಅಂದೆ ಅಂಕಲ್, ಮೊದ್ಲು ಬ್ಲೌಸ್ ನೋಡಣ ಅಂದ್ಬಿಟ್ರು" ಎಂದಳು ಸಿರಿ.

ಕಲ್ಲೇಶಪ್ಪ ಬ್ಲೌಸಿನ ಕವರು ಹುಡುಕಲು ತಿರುಗಿದ. ಹಿಂದೆ ಬೆಂಚು ಜರುಗಿದ ಸದ್ದಾಯಿತು. ತಿರುಗಿ ನೋಡಿದರೆ ವೆಂಕಟಲಕ್ಷ್ಮಮ್ಮ ಹೊಸ್ತಿಲಿಗೆ ಅಡ್ಡವಾಗಿ ನೆಲದ ಮೇಲಿದ್ದಳು, ತಲೆ ಗಲ್ಲಿಯ ಕಡೆಗೆ.

ಸಿರಿಯ ಕಿರುಚಾಟಕ್ಕೆ ಗಲ್ಲಿಯೆಲ್ಲ ಓಡಿಬಂತು. "ಪಿಟ್ಸು, ಪಿಟ್ಸು" ಎಂದು ಒಬ್ಬ ಬೀಗದ ಕೈ ತಂದು ಅವಳ ಅಂಗೈಯಲ್ಲಿ ತುರುಕಿದ. ಇನ್ನೊಬ್ಬ ಬಾಯಿಗೆ ನೀರು ಹಾಕಲು ಹೊರಟಾಗ ಕಲ್ಲೇಶಪ್ಪ ಅವನ ಕೈ ತಳ್ಳಿದ. ಬಗ್ಗಿ, "ಅಕ್ಕಾ! ವೆಂಕಟಲಕ್ಷ್ಮಕ್ಕಾ!" ಎಂದು ಕೂಗಿದ. ಭುಜ ಅಲುಗಿಸಿದ. ಇಲ್ಲ. ಬಾಯಿ ಒಮ್ಮೆ ತೆರೆದುಕೊಂಡು ಮುಚ್ಚಿತು, ಸುಮ್ಮನಾಯಿತು. ಮತ್ತೆ ಒಮ್ಮೆ ತೆರೆದುಕೊಂಡಿತು.

"ಉಸ್ರು ಐತೆ, ಉಸ್ರು ಐತೆ" ಎಂದರು ಯಾರೋ.

ಅದು ಉಸಿರಲ್ಲ ಎಂದು ಅವನಿಗೆ ಗೊತ್ತಿತ್ತು. ಏನು ಮಾಡಬೇಕೆಂದೂ ಗೊತ್ತಿತ್ತು. ಬೇಕರಿಯವನಿಗೆ, "108ಕ್ಕೆ ಫೋನ್ ಮಾಡಪ್ಪ, ಡಾಕ್ಟರ್ ಮಾಲಿನಿ ಮೇಡಂಗೂ ಹೇಳು" ಎಂದು ಕೂಗಿದ. ಅಷ್ಟಾದ ಮೇಲೆ ಅವನ ಕೈ ಮುಂದೆ ಹೋಗಲಿಲ್ಲ. ಗಿರಾಕಿ, ಮೂರು ಮಕ್ಕಳ ತಾಯಿ, ಸುತ್ತ ಊರು ನಿಂತಿದೆ. ಬೇಲೂರಿನ ರಸ್ತೆಯಲ್ಲಿ ಬಿದ್ದಿದ್ದ ಕತ್ತರಿ ಕಣ್ಣಿಗೆ ಕಟ್ಟಿತು.

"ಹೆಂಗಸ್ರು ಯಾರಾದ್ರೂ ಬರ್ರಮ್ಮಾ" ಎಂದ. ದನಿ ಅವನದೇ ಎನಿಸಲಿಲ್ಲ. "ನಾನು ಹೇಳ್ಕೊಡ್ತೀನಿ, ಬಂದು ಒತ್ರಮ್ಮಾ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಯಾರೂ ಬಗ್ಗಲಿಲ್ಲ.

ಸಿರಿ ಅವನ ಅಂಗಿಯ ತೋಳು ಹಿಡಿದಳು. "ಅಂಕಲ್, ನಿಮಗೆ ಗೊತ್ತಿದ್ರೆ ಮಾಡಿ ಅಂಕಲ್. ನಮ್ಮಮ್ಮ ಅಂಕಲ್."

ಕಲ್ಲೇಶಪ್ಪ ಮಂಡಿಯೂರಿದ. ಸೆರಗಿನ ಮೇಲಿಂದಲೇ ಎದೆಯ ನಡುಮೂಳೆ ಹುಡುಕಿ ಅಂಗೈ ಊರಿದ, ಇನ್ನೊಂದು ಕೈ ಅದರ ಮೇಲೆ ಇಟ್ಟ, ಒತ್ತಿದ.

"ಏಯ್! ಏಯ್ ಕಲ್ಲೇಶಪ್ಪಾ, ಏನ್ ಮಾಡ್ತಿದೀಯ?" ಗುಂಪಿನಿಂದ ಒಂದು ಗಂಡು ದನಿ. ಯಾರೋ ಅವನ ಭುಜಕ್ಕೆ ಕೈ ಹಾಕಿ ಎಳೆದರು. ಅವನು ಕೊಡವಿಕೊಂಡ. ಮೂವತ್ತು ವರ್ಷದಲ್ಲಿ ಗಲ್ಲಿಯವರು ಅವನು ಗಟ್ಟಿಯಾಗಿ ಮಾತಾಡಿದ್ದು ಕೇಳಿರಲಿಲ್ಲ. ಅವತ್ತು ಅವನು ತಲೆಯೆತ್ತದೆ, "ಸುಮ್ನಿರ್ರಲಾ! ಈಕೆ ಸಾಯ್ತಾವ್ಳೆ!" ಎಂದು ಗದರಿದ್ದು ಬೇಕರಿಯ ಒಳಗೂ ಕೇಳಿಸಿತು.

ಕೈಕೆಳಗೆ ಏನೋ ಲಟಕ್ ಎಂದಿತು. ಪಕ್ಕೆಲುಬು. ಆಗಬಹುದು, ನಿಲ್ಲಿಸಬೇಡಿ ಎಂದು ಮೇಡಂ ಹೇಳಿದ್ದರು. ಕಣ್ಣಲ್ಲಿ ನೀರು ಬಂತು, ನಿಲ್ಲಿಸಲಿಲ್ಲ. ಒಬ್ಬ ಫೋನು ಎತ್ತಿ ವಿಡಿಯೋ ಮಾಡುತ್ತಿದ್ದುದನ್ನು ಕಂಡ ಸಿರಿ ಅಳು ನುಂಗಿಕೊಂಡು ಎದ್ದಳು. ರವಿಕೆಗೆ ಹೊಂದಿಸಿ ನೋಡಲೆಂದು ತಂದಿದ್ದ ನಿಶ್ಚಿತಾರ್ಥದ ಸೀರೆಯನ್ನು ಚೀಲದಿಂದ ತೆಗೆದು ಜಾಡಿಸಿ ಬಿಚ್ಚಿದಳು. ಅಷ್ಟು ಹೊತ್ತು ಸುಮ್ಮನೆ ನಿಂತಿದ್ದ ಹೆಂಗಸರು ಆಗ ಮುಂದೆ ಬಂದರು. ಒಬ್ಬಳು ಒಂದು ತುದಿ, ಇನ್ನೊಬ್ಬಳು ಇನ್ನೊಂದು ತುದಿ ಹಿಡಿದು ಗುಂಪಿಗೂ ಹೊಸ್ತಿಲಿಗೂ ನಡುವೆ ತೆರೆ ಕಟ್ಟಿದರು.

ತೋಳು ಸೋಲತೊಡಗಿತು. ಇನ್ನು ಆಗುವುದಿಲ್ಲ ಎನ್ನುವಾಗ ಸೀರೆಯ ಅಡಿಯಿಂದ ನುಸುಳಿ ಖಾಕಿ ಅಂಗಿಯವನೊಬ್ಬ ಪಕ್ಕದಲ್ಲಿ ಮಂಡಿಯೂರಿದ. ಚನ್ನೇಶ, ಅವತ್ತು ಮುಖ ಮುಚ್ಚಿಕೊಂಡು ನಕ್ಕಿದ್ದ ಅದೇ ಆಟೋ ಚಾಲಕ. "ಬುಡಿ ಅಣ್ಣ, ನಾನು ಮಾಡ್ತೀನಿ" ಎಂದು ಜಾಗ ತೆಗೆದುಕೊಂಡ. ಇಬ್ಬರೂ ಸರದಿಯ ಮೇಲೆ ಒತ್ತಿದರು. ಆಂಬ್ಯುಲೆನ್ಸ್ ಗಲ್ಲಿಯ ಬಾಯಿಗೆ ಬಂದು ನಿಂತಾಗ ಕಲ್ಲೇಶಪ್ಪನನ್ನು ಎಬ್ಬಿಸಲು ಇಬ್ಬರು ಬೇಕಾಯಿತು.

ಆಸ್ಪತ್ರೆಯಲ್ಲಿ ಮಾಲಿನಿ ಶಾಕ್ ಕೊಟ್ಟರು. ಎರಡನೆಯ ಶಾಕಿಗೆ ಹೃದಯ ಹಾದಿಗೆ ಬಂತು. ಸಂಜೆಯೊಳಗೆ ಹಾಸನಕ್ಕೆ ಸಾಗಿಸಿದರು. ಅಲ್ಲಿ ಮುಚ್ಚಿಕೊಂಡಿದ್ದ ರಕ್ತನಾಳ ತೆರೆದು ಸ್ಟೆಂಟ್ ಹಾಕಿದರು.

ಕಲ್ಲೇಶಪ್ಪನಿಗೆ ಇದೊಂದೂ ಗೊತ್ತಿರಲಿಲ್ಲ. ಅಂಗಡಿಯ ಬಾಗಿಲು ಎಳೆದುಕೊಂಡು ಮನೆಗೆ ಹೋಗಿ ಗೋಡೆಗೆ ಒರಗಿ ಕೂತಿದ್ದ. ತೆರೆ ಕಟ್ಟುವ ಮೊದಲು ತೆಗೆದ ಒಂದು ತುಂಡು ವಿಡಿಯೋ ಮಧ್ಯಾಹ್ನದ ಹೊತ್ತಿಗೇ ಊರೆಲ್ಲ ಸುತ್ತಿತ್ತು. ಶಹಬ್ಬಾಸ್ ಎಂದವರಿದ್ದರು. 'ಇಷ್ಟು ವರ್ಷಕ್ಕೆ ಟೈಲರು ಅಳತೆ ತಗೊಂಡ' ಎಂದು ಬರೆದವನೂ ಇದ್ದ. ಆ ಒಂದು ಸಾಲು ಅವನ ಎದೆಯಲ್ಲಿ ಸೂಜಿಯಂತೆ ಕೂತಿತು.

ಕಾಂತಮ್ಮ ಹಳೇಬೀಡಿನಿಂದ ಸಂಜೆಯ ಬಸ್ಸಿಗೆ ಬಂದಳು. ವಿಡಿಯೋ ಅವಳಿಗಿಂತ ಮೊದಲೇ ಹಳೇಬೀಡು ತಲುಪಿತ್ತು. ಅವನು ತಲೆಯೆತ್ತಲಿಲ್ಲ.

"ನೋಡ್ದೆ" ಎಂದಳು. ಚೀಲ ಇಟ್ಟು ಪಕ್ಕದಲ್ಲಿ ಕೂತಳು. "ಮೊಣಕೈ ಮಡಿಸ್ಲಿಲ್ಲ ನೀವು. ಸರ್ಯಾಗಿ ಮಾಡಿದೀರಿ. ಭುಜ ನೋಯ್ತದಾ?"

ಅವನು ತಲೆಯಾಡಿಸಿದ. ಅವಳು ಹರಳೆಣ್ಣೆ ಬಿಸಿಮಾಡಿ ತಂದು ಭುಜಕ್ಕೆ ತಿಕ್ಕಿದಳು. ತಿಕ್ಕುತ್ತಿರುವಾಗ ಅವನು ಅತ್ತ. ಅವಳು ಇನ್ನಷ್ಟು ಎಣ್ಣೆ ಹಾಕಿಕೊಂಡಳು. ವೆಂಕಟಲಕ್ಷ್ಮಮ್ಮ ಕಣ್ಣು ಬಿಟ್ಟಿದ್ದಾಳೆ, ಮಗಳ ಹೆಸರು ಹೇಳಿದ್ದಾಳೆ ಎಂದು ಮಾಲಿನಿ ಫೋನು ಮಾಡಿದ್ದು ಮರುದಿನ.

ವಾರ ಕಳೆದ ಮೇಲೆ ಅಂಗಡಿಯ ಮುಂದೆ ಒಂದು ಬೈಕು ನಿಂತಿತು. ಇಳಿದವನು ವೆಂಕಟಲಕ್ಷ್ಮಮ್ಮನ ಗಂಡ ಕೆಂಚಪ್ಪ. ಆರಡಿ ಆಳು, ಮಾತು ಕಡಿಮೆ, ಕೋಪ ಜಾಸ್ತಿ ಎಂದು ಜನ ಹೇಳುತ್ತಿದ್ದರು. ಕಲ್ಲೇಶಪ್ಪ ಮಿಷನ್ನಿನಿಂದ ಎದ್ದು ನಿಂತ. ಗಲ್ಲಿಯಲ್ಲಿ ಓಡಾಡುತ್ತಿದ್ದವರೂ ನಿಂತರು.

ಕೆಂಚಪ್ಪ ಬೆಂಚಿನ ಮೇಲೆ ಕೂತು ತನ್ನ ಚಪ್ಪಲಿ ನೋಡಿಕೊಂಡೇ ಮಾತಾಡಿದ.

"ಕಲ್ಲೇಶಪ್ಪಾರೇ, ಒಂದ್ ಮಾತು ಹೇಳಾಕೆ ಬಂದೆ. ಅವತ್ತು ನಾನೂ ಬರ್ಬೇಕಿತ್ತು, ಬೋರಿನ ಮೋಟ್ರು ಕೆಟ್ಟಿತ್ತು ಅಂತ ಉಳ್ಕೊಂಡೆ. ನಾನೇನಾದ್ರೂ ಇಲ್ಲಿದ್ದು, ನೀವು ಹಂಗೆ ಅವ್ಳ ಮೇಲೆ ಕೈ ಇಟ್ಟಿದ್ದು ನೋಡಿದ್ರೆ ನಿಮ್ಮನ್ನ ಹಿಡಿದು ಆಚೆ ಎಸೀತಿದ್ದೆ. ಖಂಡಿತ ಎಸೀತಿದ್ದೆ. ಅವ್ಳು ಅಲ್ಲೇ ಹೋಗ್ಬಿಡೋಳು. ಹಾಸನದಲ್ಲಿ ಆಸ್ಪತ್ರೆ ಮೆಟ್ಲ ಮೇಲೆ ಕೂತು ಇದೊಂದೇ ಯೋಚ್ನೆ ನನಗೆ. ನಿದ್ದೆ ಬರ್ಲಿಲ್ಲ."

"ನಾನೂ ನಿಂತ್ಬಿಟ್ಟಿದ್ದೆ ಕೆಂಚಪ್ಪಾರೇ" ಎಂದ ಕಲ್ಲೇಶಪ್ಪ. "ನಿಮ್ ಮಗ್ಳು ತೋಳು ಹಿಡೀದೆ ಇದ್ದಿದ್ರೆ ಹಂಗೇ ನಿಂತಿರ್ತಿದ್ದೆ."

ಕೆಂಚಪ್ಪ ಮೂಲೆಯಲ್ಲಿದ್ದ ಗೊಂಬೆಯ ಕಡೆ ನೋಡಿದ. "ಇದ್ರ ಮೇಲೇನಾ ಕಲ್ತಿದ್ದು? ನನಗೂ ಒಸಿ ತೋರ್ಸಿ."

ಗಲ್ಲಿಯ ಜನ ನೋಡುತ್ತಿರುವಂತೆಯೇ ಕಲ್ಲೇಶಪ್ಪ ಗೊಂಬೆಯನ್ನು ನೆಲದ ಮೇಲೆ ಮಲಗಿಸಿದ. ಆರಡಿ ಆಳು ಮಂಡಿಯೂರಿ, ಹೊಲದಲ್ಲಿ ಕೆಲಸ ಮಾಡಿ ಒಡೆದ ಅಂಗೈಗಳನ್ನು ಒಂದರ ಮೇಲೊಂದು ಇಟ್ಟು ಒತ್ತಿದ. ಅವನ ಭಾರಕ್ಕೆ ಗೊಂಬೆಯ ಬ್ಲೌಸಿನ ಹುಕ್ಕೊಂದು ಕಿತ್ತು ಹಾರಿತು. ಯಾರೂ ನಗಲಿಲ್ಲ.

ಆದರೆ ವೆಂಕಟಲಕ್ಷ್ಮಮ್ಮ ಬರಲಿಲ್ಲ. ಅವಳು ಚೇತರಿಸಿಕೊಂಡಳು, ಊರಿಗೆ ಮರಳಿದಳು, ಮುಂದೆ ಹಾಕಿದ್ದ ಸಿರಿಯ ನಿಶ್ಚಿತಾರ್ಥವೂ ನಡೆಯಿತು ಎಂಬ ಸುದ್ದಿಯೆಲ್ಲ ಬರುತ್ತಿತ್ತು. ಮದುವೆಯ ಬಟ್ಟೆಗಳನ್ನು ಮಾತ್ರ ಬಾಣಾವರದಲ್ಲೇ ಒಬ್ಬಳು ಹೆಂಗಸಿನ ಹತ್ತಿರ ಹೊಲಿಯಲು ಕೊಟ್ಟಿದ್ದಾಳೆ ಎಂದು ಯಾರೋ ಗಿರಾಕಿ ಹೇಳಿದಳು. ಕಲ್ಲೇಶಪ್ಪ ಅವತ್ತು ಊಟ ಸರಿಯಾಗಿ ಮಾಡಲಿಲ್ಲ.

"ತಪ್ಪು ತಿಳ್ಕೊಂಡವ್ರೆ ಕಣೇ" ಎಂದ.

"ತಪ್ಪೇನೂ ತಿಳ್ಕೊಂಡಿಲ್ಲ. ನಾಚ್ಕೆ ಅಷ್ಟೆ" ಎಂದಳು ಕಾಂತಮ್ಮ. "ಊರೆಲ್ಲ ಆ ವಿಡಿಯೋ ನೋಡೈತೆ. ನಿಮ್ ಮುಂದೆ ಬಂದು ನಿಂತ್ಕಳೋಕೆ ಅವ್ರಿಗೆ ಹೆಂಗಾಗ್ಬೇಕು? ಬದುಕವ್ರೆ, ಅದಕ್ಕೇ ನಾಚ್ಕೋತಾವ್ರೆ. ಸತ್ತೋರು ನಾಚ್ಕೋತಾರೇನ್ರೀ?"

ಈ ಮಾತು ಅವನಿಗೆ ಹಿತವೆನಿಸಿತು. ಹಳೆಯ ಗಿರಾಕಿ ಹೋದಳು ಎನ್ನುವ ನೋವು ಪೂರ್ತಿ ಹೋಗಲಿಲ್ಲ, ಆದರೆ ಅದರ ಜೊತೆ ಬದುಕುವುದು ಸಾಧ್ಯವಾಯಿತು. ಅಷ್ಟರಲ್ಲಿ ಕೆಲಸವೂ ಕೈಹಿಡಿದಿತ್ತು. ಮಾಲಿನಿ ಇನ್ನೂ ಮೂರು ಗೊಂಬೆಗಳನ್ನು ತಂದುಕೊಟ್ಟಿದ್ದರು. ಒಂದಕ್ಕೆ ಚೂಡಿದಾರ ತೊಡಿಸಿದ. ಒಂದನ್ನು ತುಂಬು ಗರ್ಭಿಣಿಯ ಹಾಗೆ ಮಾಡಿಕೊಟ್ಟ. ಭಾನುವಾರಗಳಲ್ಲಿ ದಂಪತಿಗಳಿಬ್ಬರೂ ಡಾಕ್ಟರ ಕಾರಿನಲ್ಲಿ ಬಿಕ್ಕೋಡಿಗೆ, ಗೆಂಡೆಹಳ್ಳಿಗೆ ಹೋಗಿಬಂದರು. ಬಿಕ್ಕೋಡಿನಲ್ಲಿ ಕಾಫಿ ತೋಟದ ಹೆಣ್ಣಾಳುಗಳು ಗೊಂಬೆಯನ್ನು ನೋಡಿ, "ನಮ್ ಮಾದಮ್ಮನ್ ಥರಾನೇ ಅವ್ಳೆ" ಎಂದು ತಮ್ಮಲ್ಲೊಬ್ಬಳನ್ನು ತೋರಿಸಿ ನಕ್ಕರು. ಆ ಮಾದಮ್ಮನೇ ಮೊದಲು ಎದ್ದು ಬಂದು, ಸೆರಗು ಸಿಕ್ಕಿಸಿಕೊಂಡು, ಎಲ್ಲರಿಗಿಂತ ಚೆನ್ನಾಗಿ ಒತ್ತಿದಳು. ಎಲ್ಲ ಕಡೆಯೂ ಗಂಡಸರು ಕೇಳುತ್ತಿದ್ದ ಪ್ರಶ್ನೆ ಒಂದೇ: ಆಮೇಲೆ ಯಾರಾದರೂ ಏನಾದರೂ ಅಂದರೆ? ಮಾಲಿನಿ ಕಲ್ಲೇಶಪ್ಪನ ಕಡೆ ನೋಡುತ್ತಿದ್ದರು. ಅವನು ಎದ್ದು ನಿಂತು, "ಅಂತಾರೆ" ಎನ್ನುತ್ತಿದ್ದ. "ನನಗೂ ಅಂದ್ರು. ಒಂದಷ್ಟು ದಿನ ಅಂತಾರೆ." ಅಷ್ಟು ಹೇಳಿ ಕೂತುಬಿಡುತ್ತಿದ್ದ.

ಮಾಘ ಮಾಸದಲ್ಲಿ ಒಂದು ಮಧ್ಯಾಹ್ನ ವೆಂಕಟಲಕ್ಷ್ಮಮ್ಮ ಬಂದಳು. ಜೊತೆಯಲ್ಲಿ ಕೆಂಚಪ್ಪ, ಸಿರಿ ಇಬ್ಬರೂ ಇದ್ದರು. ಮೈ ಇಳಿದಿತ್ತು, ಕೊರಳ ಮೂಳೆ ಕಾಣುತ್ತಿತ್ತು. ತಟ್ಟೆಯಲ್ಲಿ ಲಗ್ನಪತ್ರಿಕೆ, ಅರಿಶಿನ ಕುಂಕುಮ ಇಟ್ಟುಕೊಂಡು ಕಾಂತಮ್ಮನಿಗೆ ಕೊಟ್ಟಳು. ಕಲ್ಲೇಶಪ್ಪನ ಕಡೆ ನೋಡಲಿಲ್ಲ. ಅವನೂ ಮಿಷನ್ನಿನ ಸೂಜಿಗೆ ದಾರ ಪೋಣಿಸುವವನಂತೆ ತಲೆ ತಗ್ಗಿಸಿದ್ದ.

"ಇಬ್ರೂ ಬರ್ಬೇಕು ಅಂತ ಹೇಳಿ ಕಾಂತಮ್ಮಾರೆ, ಅವ್ರಿಗೂ" ಎಂದಳು.

"ನೀವೇ ಹೇಳಿ, ಅಲ್ಲೇ ಅವ್ರೆ" ಎಂದಳು ಕಾಂತಮ್ಮ.

ವೆಂಕಟಲಕ್ಷ್ಮಮ್ಮ ಅವನ ಕಡೆ ತಿರುಗಿದಳು. "ನೀವು ಬರ್ಬೇಕು ಕಣಪ್ಪ. ಇಷ್ಟ್ ದಿನ ಬರಾಕೆ ಮೊಕ ಇರ್ಲಿಲ್ಲ ನಂಗೆ. ಏನಂತ ಬರ್ಲಿ? ನಂಗೆ ಜ್ಞಾಪಕಾನೇ ಇಲ್ಲ. ಜನಕ್ಕೆಲ್ಲ ಐತೆ."

"ಬತ್ತೀವಿ ಅಕ್ಕ" ಎಂದ ಕಲ್ಲೇಶಪ್ಪ. ಇನ್ನೇನಾದರೂ ಹೇಳಬೇಕೆನಿಸಿತು. ಆಗಿನಿಂದ ಮನಸ್ಸಿನಲ್ಲಿ ಕೊರೆಯುತ್ತಿದ್ದದ್ದು ಬಾಯಿಗೆ ಬಂತು. "ಪಕ್ಕೆ ಮುರಿದ್ಬಿಟ್ಟೆ. ಕ್ಷಮಿಸ್ಬೇಕು."

"ಎಲ್ಡು ಮುರಿದಿದ್ರಿ" ಎಂದಳು ವೆಂಕಟಲಕ್ಷ್ಮಮ್ಮ. "ಡಾಕ್ಟ್ರು ಫೋಟೋ ತೋರಿಸಿದ್ರು."

ಕಾಂತಮ್ಮನಿಗೆ ನಗು ತಡೆಯಲಾಗಲಿಲ್ಲ. "ಗೊಂಬೆಗೂ ಹಂಗೇ ಮಾಡ್ತಾರೆ ಇವ್ರು, ತಿಂಗ್ಳಿಗೊಂದ್ ಸಲ ನಾನು ಹತ್ತಿ ತುಂಬ್ಬೇಕು" ಎಂದಳು. ಸಿರಿ ಕಿಸಕ್ಕೆಂದಳು. ವೆಂಕಟಲಕ್ಷ್ಮಮ್ಮ ನಗಲು ಹೋಗಿ ಎದೆಯ ಪಕ್ಕಕ್ಕೆ ಕೈ ಒತ್ತಿ ಹಿಡಿದುಕೊಂಡಳು.

"ನಗಿಸ್ಬ್ಯಾಡ್ರೇ, ಇನ್ನೂ ನೋಯ್ತದೆ" ಎಂದಳು. ಎಂದವಳು ನಗುತ್ತಲೇ ಇದ್ದಳು. ಕೆಂಚಪ್ಪ ಗಾಬರಿಯಾಗಿ ಅವಳ ಬೆನ್ನಿಗೆ ಕೈ ಕೊಟ್ಟು, ನೀರು ಕೊಡಿ ಎಂದ. ಕಲ್ಲೇಶಪ್ಪ ಎದ್ದು ಬೇಕರಿಯಿಂದ ತಣ್ಣನೆಯ ನೀರು ತರಲು ಹೊರಟ.